ಅಮಾವಾಸ್ಯೆಗೆ ತೊಳೆದ ಗಾಡಿ

ನನ್ನ ಬಳಿ ಪಾಸ್‌ಪೋರ್ಟ್ ಇದೆ. ಮಾಡಿಸಿದ್ದಷ್ಟೇ ಬಂತು, ಅದರ ಒಂದು ಹಾಳೆಯ ಮೇಲೂ ಮುದ್ರೆ ಬಿದ್ದಿಲ್ಲ. ಆದರೂ ಪರದೇಶಕ್ಕೆ ಹೋಗಿ ಬಂದೆ ಎಂದೇ ಹೇಳಿಕೊಳ್ಳುತ್ತಿದ್ದೇನೆ, ಯಾರು ನಕ್ಕರೂ ಸರಿ. ಮೈಸೂರಿನ ನಮ್ಮ ಬೀದಿಯಲ್ಲಿ ದಾವಣಗೆರೆ ದಾಟಿದರೆ ಮಿಕ್ಕದ್ದೆಲ್ಲ ‘ಆ ಕಡೆ’. ಆ ಕಡೆಯ ಮಾತು ಒರಟು, ಊಟ ಖಾರ, ಬಿಸಿಲು ಕೆಂಡ ಎಂದು ನನಗೆ ಹೇಳಿಕೊಟ್ಟವರಲ್ಲಿ ಒಬ್ಬರೂ ಆ ಕಡೆ ತಲೆ ಹಾಕಿಯೂ ಮಲಗಿದವರಲ್ಲ. ನಾನೂ ಹಾಗೆಯೇ ಇದ್ದೆ.

ನಾನು ಪಾಲಿಟೆಕ್ನಿಕ್ಕಿನಲ್ಲಿ ವಾಹನಗಳ ಎಂಜಿನ್ ಬಗ್ಗೆ ಪಾಠ ಮಾಡಿ ನಿವೃತ್ತಳಾದವಳು. ನಿವೃತ್ತಿಯ ಮರುವಾರವೇ ಒಂದು ಮೋಟಾರ್ ಸೈಕಲ್ ಕೊಂಡೆ. “ಈ ವಯಸ್ಸಿಗೆ ಮೋಟಾರ್ ಸೈಕಲ್ಲಾ?” ಎಂದು ತಂಗಿ ಮೂರು ತಿಂಗಳು ಮಾತು ಬಿಟ್ಟಳು. ಅದೇ ಗಾಡಿ ಇಟ್ಟುಕೊಂಡವರದೊಂದು ಗುಂಪು ಫೋನಿನಲ್ಲಿದೆ. ಅಲ್ಲಿ ಹಗಲೂ ರಾತ್ರಿ ಬರೀ ದೂರು. ಚೈನು ಕಿರುಗುಡುತ್ತದೆ, ಮೈಲೇಜು ಬರುವುದಿಲ್ಲ, ವಾರಂಟಿ ಕೇಳಿದರೆ ಮುಖ ತಿರುಗಿಸುತ್ತಾರೆ. ನಾನು ಮೇಷ್ಟರಿಕೆ ಬಿಡಲಾರದೆ ಎಲ್ಲರಿಗೂ ಉತ್ತರ ಬರೆಯುತ್ತಿದ್ದೆ. ಹಾಗೆ ಪರಿಚಯವಾದವರು ವಿಜಯಪುರದ ರಫೀಕ್. ಊರಿನಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾರೆ.

ಒಂದು ದಿನ ರಫೀಕ್ ಫೋನ್ ಮಾಡಿದರು. “ಅಕ್ಕಾರ, ಒಂದ್ ಸಲ ನಮ್ಮ ಕಡೆ ಬರ್ರಿ. ನಮ್ಮ ದೋಸ್ತ ಸಂಗಮೇಶ ಅಂತ, ತಿಕೋಟಾದಂವ. ಶಿವರಾತ್ರಿ ಮುಂದ ಕಬ್ಬಿನ ಟ್ರ್ಯಾಕ್ಟರ್ ದಾಟೂವಾಗ ಗಾಡಿ ಒಮ್ಮಿಂದೊಮ್ಮೆ ಬಂದ್ ಬಿದ್ದು ಎದುರಿನ ಲಾರಿಗೆ ಸಿಕ್ಕಾನ. ಕಂಪನಿಯವರು ಹುಡುಗಂದ ತಪ್ಪು ಅಂತಾರ. ಊರ ಮಂದೀನೂ ಹಂಗ ಅನ್ನಾಕತ್ತಾರ. ನಿಡೋಣಿಯೊಳಗ ಹೆಣ್ಣು ಗೊತ್ತಾಗಿತ್ತು, ಹೆಣ್ಣಿನ ಅಪ್ಪ ‘ಹುಚ್ಚರಂಗ ಗಾಡಿ ಹೊಡಿಯಾಂವಗ ನನ್ನ ಮಗಳನ್ನ ಕೊಡಂಗಿಲ್ಲ’ ಅಂತ ಕುಂತಾನ. ಸಂಗಮೇಶನ ಅಪ್ಪ ಸಿದ್ದಪ್ಪ ಕಾಕಾಗ ಒಂದ ಹಟ. ಗಾಡೀದ ತಪ್ಪು, ನನ್ನ ಮಗಂದಲ್ಲ ಅಂತ ಯಾರರ ತಿಳದವರು ಹೇಳ್ಬೇಕು. ನೀವು ಬಂದು ನೋಡಿ ಒಂದ ಮಾತು ಹೇಳ್ರಿ, ಸಾಕು.”

ಒಬ್ಬ ಹುಡುಗನ ಹೆಸರು ಉಳಿಯುವುದಿದ್ದರೆ ಅಷ್ಟು ದೂರ ಹೋಗಲು ನನಗೇನು ಧಾಡಿ? ಹೊರಟೆ.

ವಿಜಯಪುರ

ದಾರಿಯಲ್ಲಿ ಚಿತ್ರದುರ್ಗದಲ್ಲಿ ಒಂದು ರಾತ್ರಿ ಉಳಿದೆ. ಮಾರನೆಯ ದಿನ ಕೃಷ್ಣೆಯ ಹಿನ್ನೀರು ದಾಟಿದ ಮೇಲೆ ನೆಲ ಕಪ್ಪಾಯಿತು, ಆಕಾಶ ಅಗಲವಾಯಿತು. ನಮ್ಮ ಕಡೆ ಎಲ್ಲಿ ನೋಡಿದರೂ ಒಂದು ತೆಂಗಿನ ಮರವೋ ಗುಡ್ಡವೋ ಕಣ್ಣಿಗೆ ಅಡ್ಡ ಬರುತ್ತದೆ. ಇಲ್ಲಿ ಏನೂ ಅಡ್ಡ ಬರಲಿಲ್ಲ. ಮೊದಲು ಅಂಜಿಕೆಯಾಯಿತು, ಆಮೇಲೆ ಹಿತವಾಯಿತು.

ಊರೊಳಗೆ ರಫೀಕರ ಅಂಗಡಿಯ ದಾರಿ ಕೇಳಿದೆ. ಸ್ಕೂಟರಿನಲ್ಲಿದ್ದ ಮನುಷ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿ “ನನ್ನ ಹಿಂದ ಬರ್ರಿ” ಎಂದ. ಅಷ್ಟೇ. ನಗು ಇಲ್ಲ, ನಯ ಇಲ್ಲ. ಗಲ್ಲಿಗಲ್ಲಿ ಸುತ್ತಿಸಿ ಅಂಗಡಿಯ ಮುಂದೆ ತಂದು ನಿಲ್ಲಿಸಿ, ನಾನು ಥ್ಯಾಂಕ್ಸ್ ಹೇಳುವಷ್ಟರಲ್ಲಿ ಬಂದ ದಾರಿಗೇ ತಿರುಗಿ ಹೋದ. ಮೈಸೂರಿನಲ್ಲಾದರೆ ಜಗಲಿಯ ಮೇಲೆ ಕೂತಲ್ಲಿಂದಲೇ ಬಹಳ ಮರ್ಯಾದೆಯಿಂದ ದಾರಿ ಹೇಳಿ, ಅದು ತಪ್ಪಾಗಿದ್ದರೂ ಮರ್ಯಾದೆ ಬಿಡುವುದಿಲ್ಲ.

ಅಂಗಡಿಯಲ್ಲಿ ಚಹಾ ಕುಡಿದು ಹೊರಗೆ ಬಂದರೆ ನನ್ನ ಗಾಡಿಯೇ ಇಲ್ಲ! ಹ್ಯಾಂಡಲ್ ಲಾಕ್ ಮಾಡಿದ್ದೆ, ಕೀಲಿ ನನ್ನ ಕೈಯಲ್ಲೇ ಇದೆ. “ನನ್ನ ಗಾಡಿ! ಯಾರೋ ಹೊಡ್ಕೊಂಡು ಹೋದ್ರು!” ಎಂದು ನಾನು ಬೀದಿಯಲ್ಲೇ ಕೂಗಾಡುತ್ತಿದ್ದರೆ ಪಕ್ಕದ ಹೂವಿನಂಗಡಿಯ ಮುದುಕ ತಲೆಯೆತ್ತಲಿಲ್ಲ. “ಆ ಬೇವಿನ ಗಿಡದ ಬುಡಕೈತಿ ನೋಡ್ರಿ. ಬಿಸಲಾಗ ಸೀಟು ಸುಡತೈತಿ ಅಂತ ನಾವ ಎತ್ತಿ ಇಟ್ಟೇವಿ.” ಇಬ್ಬರು ಸೇರಿ ಅಷ್ಟು ತೂಕದ ಗಾಡಿಯನ್ನು ಹೊತ್ತು ನೆರಳಿಗಿಟ್ಟಿದ್ದರು. ಹೇಳಬೇಕು ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ. ನನಗೆ ನಾಚಿಕೆಯಾಗಿ ಒಂದು ಮೊಳ ಮಲ್ಲಿಗೆ ಕೊಂಡೆ.

ಗುಮ್ಮಟ ನೋಡಿದೆಯಾ ಎಂದು ಕೇಳುವವರಿಗೆ: ನೋಡಿದೆ. ಅದರ ಬಗ್ಗೆ ಬರೆಯಲು ಬೇರೆಯವರಿದ್ದಾರೆ.

ತೊರವಿ

ಮರುದಿನ ಭಾನುವಾರ. ಇಲ್ಲಿನ ಗಾಡಿಯವರು ಪ್ರತಿ ಭಾನುವಾರ ಬೆಳಿಗ್ಗೆ ಒಟ್ಟಿಗೆ ಹೊರಡುತ್ತಾರೆ. ಹತ್ತು ಹನ್ನೆರಡು ಗಾಡಿ. ಬ್ಯಾಂಕಿನವರೊಬ್ಬರು, ಬಟ್ಟೆ ವ್ಯಾಪಾರದವರು, ಕಾಲೇಜು ಮೇಷ್ಟರು, ರಫೀಕ್. ಹೊರಡುವ ಮುನ್ನ ಅರ್ಧ ಗಂಟೆ ಒಬ್ಬರ ಗಾಡಿಯನ್ನು ಇನ್ನೊಬ್ಬರು ಒದ್ದು, ಅಲ್ಲಾಡಿಸಿ, ಕಿವಿಯಿಟ್ಟು ಕೇಳಿ ತೀರ್ಪು ಕೊಡುತ್ತಾರೆ. ಹೆಣ್ಣುಮಗಳು ಮೋಟಾರ್ ಸೈಕಲ್ಲಿನಲ್ಲಿ ಬಂದಿದ್ದಕ್ಕೆ ಯಾರೂ ಹುಬ್ಬೇರಿಸಲಿಲ್ಲ. ನಾನು ಬೆಲ್ಟಿಲ್ಲದ ಹೆಲ್ಮೆಟ್ಟುಗಳ ಬಗ್ಗೆ ಬೈದಾಗ ಮಾತ್ರ “ಅಕ್ಕಾರು ಸಾಲಿ ಚಾಲೂ ಮಾಡಿದ್ರು” ಎಂದು ನಕ್ಕರು.

ತೊರವಿಯ ಹತ್ತಿರ ಚಹಾಕ್ಕೆ ನಿಂತೆವು. ಬಿಸಿ ಬಿಸಿ ಮಿರ್ಚಿ ಭಜಿ, ಚುರುಮುರಿ. ಮೆಣಸಿನಕಾಯಿ ಕಚ್ಚಿ ನನ್ನ ಕಣ್ಣಲ್ಲಿ ನೀರು ಧಾರೆ. ವಾರಂಟಿಯ ಪುರಾಣ ಅಲ್ಲಿ ಶುರುವಾಯಿತು.

“ನನ್ನ ಮೀಟರಿನ್ಯಾಗ ನೀರು ಹೊಕ್ಕೈತ್ರಿ,” ಎಂದರು ಬ್ಯಾಂಕಿನವರು. “ವಾರಂಟಿಯೊಳಗ ಬದಲಿ ಕೊಡ್ರಿ ಅಂದ್ರ ಶೋರೂಮಿನಾಂವ ‘ಮಳಿಯಾಗ ಯಾಕ ಹೊಡದ್ರಿ’ ಅಂತಾನ.”

“ಮಳಿ! ನಮ್ಮೂರಾಗ! ಅದಕ್ಕ ನಿಮಗ ಬಹುಮಾನ ಕೊಡ್ಬೇಕಿತ್ತು,” ಎಂದರು ಮೇಷ್ಟರು. ತಮ್ಮ ಗಾಡಿಯ ಸದ್ದಿಗೆ “ಅದು ಈ ಗಾಡಿಯ ಸ್ವಭಾವರಿ” ಎಂದು ಸರ್ವಿಸಿನವರು ಹೇಳಿ ಕಳಿಸಿದ್ದನ್ನು ಅವರು ಅಭಿನಯಿಸಿ ತೋರಿಸಿದರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. ಮೈಸೂರಿನಲ್ಲಿ ನನಗೂ ಇದೇ ಮಾತು ಹೇಳಿದ್ದರು. ನಾಡಿನ ಮಾತು ಎಲ್ಲೆಲ್ಲಿ ಬದಲಾದರೂ ಶೋರೂಮಿನವರ ಮಾತು ಮಾತ್ರ ಒಂದೇ.

ರಫೀಕ್ ನಗಲಿಲ್ಲ. “ಸಂಗಮೇಶನೂ ಎರಡು ಸಲ ಹೋಗಿದ್ದನ್ರಿ. ಗಾಡಿ ತಾನ ಬಂದ್ ಬೀಳತೈತಿ, ಮತ್ತ ತಾನ ಚಾಲೂ ಆಗತೈತಿ ಅಂತ ಹೇಳಿ ಬಂದಿದ್ದ. ‘ಪೆಟ್ರೋಲ್ ಚಲೋ ಹಾಕಸ್ರಿ’ ಅಂದು ಕಳಿಸಿದ್ರು. ಒಂದ ಸ್ಕ್ರೂ ಬಿಚ್ಚಲಿಲ್ಲ.”

ಅಲ್ಲಿಂದ ಸ್ವಲ್ಪ ಮುಂದೆ ಹೋದ ಮೇಲೆ ಎಲ್ಲರೂ ಹೇಳದೆ ಕೇಳದೆ ಒಂದೇ ಸಾಲಿಗೆ ಬಂದರು. ಎತ್ತಿನ ಬಂಡಿಯ ವೇಗ. ಹಾರನ್ ಇಲ್ಲ. ಕಬ್ಬಿನ ಟ್ರ್ಯಾಕ್ಟರನ್ನು ದಾಟುವಾಗ ಸಂಗಮೇಶನ ಎಂಜಿನ್ ಸತ್ತದ್ದು ಇಲ್ಲೇ ಎಂದು ಯಾರೂ ಹೇಳಬೇಕಾಗಲಿಲ್ಲ. ನನ್ನ ಕೈ ತಾನಾಗಿ ಬ್ರೇಕಿನ ಮೇಲೆ ಹೋಯಿತು.

ತಿಕೋಟಾ

ಸಿದ್ದಪ್ಪನವರ ಮನೆ ಊರ ಹೊರಗೆ, ದ್ರಾಕ್ಷಿ ತೋಟದಲ್ಲಿ. ದೊಡ್ಡ ಆಳು, ಬಿಳೀ ಧೋತರ, ತಲೆಗೆ ಪಟಗಾ, ಗುಡುಗಿನಂಥ ದನಿ. ನಾನು ಗಾಡಿಯಿಂದ ಇಳಿಯುವ ಮೊದಲೇ “ಬರ್ರಿ ಅಕ್ಕಾರ, ಬರ್ರಿ! ಮೈಸೂರಿಂದ ಫಟಫಟಿ ಮ್ಯಾಲ ಬಂದೀರಂದ್ರ ನಿಮ್ಮ ಕಾಲಿಗೆ ನೀರ ಹಾಕ್ಬೇಕು” ಎಂದು ನಿಜವಾಗಿಯೂ ತಂಬಿಗೆ ನೀರು ತಂದರು.

ಊಟಕ್ಕೆ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಸಾಕು ಎಂದರೆ ಇಲ್ಲಿ ಇನ್ನೊಂದು ಎಂದು ಅರ್ಥ ಮಾಡಿಕೊಳ್ಳುತ್ತಾರೆ. ನಾನು ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರೆ ರೊಟ್ಟಿ ಕೈಯ ಮೇಲೆಯೇ ಬಿತ್ತು.

ಊಟದ ನಡುವೆ ಸಿದ್ದಪ್ಪನವರು ತಮ್ಮ ಪಂಪಿನ ಪ್ರತಾಪ ಹೇಳಿದರು. ಮೈಸೂರಿನ ನಮ್ಮ ಮನೆಯಲ್ಲಿ ಅಮಾವಾಸ್ಯೆಯ ದಿನ ಹೊಸ ಚಪ್ಪಲಿಯನ್ನೂ ಮೆಟ್ಟುವುದಿಲ್ಲ. ಇಲ್ಲಿ ಅಮಾವಾಸ್ಯೆಗೇ ಗಾಡಿಗಳಿಗೆ ಪೂಜೆ. “ಪ್ರತಿ ಅಮಾಸಿಗೆ ಈ ಹುಡುಗರ ಗಾಡಿ ಎಲ್ಲಾ ನಮ್ಮ ತ್ವಾಟದಾಗ ತೊಳಿಯೂದ್ರಿ. ದ್ರಾಕ್ಷಿಗೆ ಔಷಧ ಹೊಡಿಯೂ ಪಂಪ್ ಐತಲ್ಲ, ಅದರ ಪ್ರೆಶರ್ ಏನಂತೀರಿ! ಹಿಡದ್ರ ಕೆಸರು ಓಡಿ ಹೋಗತೈತಿ. ನಾ ಯಾರ ಕೈಗೂ ಕೊಡಂಗಿಲ್ಲ, ನಾನ ತೊಳಿಯಾಂವ. ಈಗ ಸುಮಾರು ದಿನ ಆತು, ಅಮಾಸಿ ಬಂತಂದ್ರ ಆ ಪಂಪ್ ಕೆಡತೈತಿ, ಯಾವ ಶನಿ ಹಿಡದೈತೋ.”

ಮಗ ಸಂಗಮೇಶ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ. ಇಪ್ಪತ್ತೇಳರ ಹುಡುಗ, ತೆಳ್ಳಗೆ, ಮಾತು ಕಡಿಮೆ. ಬಲ ಮೊಣಕಾಲು ಬಾಗುವುದಿಲ್ಲ, ಇನ್ನು ಬಾಗುವುದೂ ಇಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಪಂಪಿನ ಮಾತು ಬಂದಾಗ ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಅದು ನನ್ನ ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಗಾಡಿ ದನದ ಕೊಟ್ಟಿಗೆಯ ಮೂಲೆಯಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು. ಮುಂದಿನ ಚಕ್ರ ತಿರುಚಿಹೋಗಿತ್ತು, ಟ್ಯಾಂಕು ಒಳಗೆ ಹೋಗಿತ್ತು. “ತಿಳದವರು ಬಂದು ನೋಡೂತನಕ ಒಂದ ಬೋಲ್ಟ್ ಮುಟ್ಟಬ್ಯಾಡ್ರಿ ಅಂದೇನಿ,” ಎಂದರು ಸಿದ್ದಪ್ಪನವರು. “ನೋಡ್ರಿ. ನನ್ನ ಮಗ ಹುಚ್ಚರಂಗ ಹೊಡಿಯಾಂವ ಅಲ್ಲ ಅಂತ ಇದರ ಬಾಯಿಲೆ ಹೇಳಿಸ್ರಿ.”

ನಾನು ಸೀಟು ಬಿಚ್ಚಿದೆ, ಟ್ಯಾಂಕು ಎತ್ತಿಸಿದೆ. ಇಂಥ ಗಾಡಿಗಳಲ್ಲಿ ಎಂಜಿನ್ನಿಗೆ ಕರೆಂಟು ಹೋಗುವ ತಂತಿಗಳೆಲ್ಲ ಟ್ಯಾಂಕಿನ ಕೆಳಗೆ ಕಪ್ಲರ್ ಎನ್ನುವ ಒಂದು ಪ್ಲಾಸ್ಟಿಕ್ ಜೋಡಣೆಯಲ್ಲಿ ಸೇರುತ್ತವೆ. ಅದನ್ನು ಕಿತ್ತು ಬೆಳಕಿಗೆ ಹಿಡಿದೆ. ಒಳಗಿನ ಪಿನ್ನುಗಳನ್ನು ತುಕ್ಕು ತಿಂದಿತ್ತು. ಮಳೆನೀರಿನ ತುಕ್ಕಲ್ಲ, ಅದರ ಸುತ್ತ ತಿಳಿನೀಲಿ ಹಕ್ಕಳೆ, ಮೇಲೆ ಸುಣ್ಣದಂಥ ಬಿಳುಪು. ಇಷ್ಟು ವರ್ಷದಲ್ಲಿ ನಾನು ಅಂಥದ್ದನ್ನು ನೋಡಿರಲಿಲ್ಲ. ಓಡುವಾಗ ಕರೆಂಟು ಕಡಿದದ್ದು ಇಲ್ಲೇ, ಅದರಲ್ಲಿ ಸಂಶಯವಿಲ್ಲ. ಆದರೆ ಈ ನೀಲಿ ಎಲ್ಲಿಂದ ಬಂತು?

“ಏನ್ ಕಂಡ್ರಿ ಅಕ್ಕಾರ?” ಸಿದ್ದಪ್ಪನವರ ದನಿ ಸಣ್ಣದಾಗಿತ್ತು.

“ಏನೋ ಇದೆ. ನಾಳೆ ಇನ್ನೊಂದು ಸಲ ನೋಡಿ ಹೇಳ್ತೀನಿ,” ಎಂದೆ.

ಸಂಗಮೇಶ ಕೋಲೂರಿಕೊಂಡು ಎದ್ದು ಬಂದು ನನ್ನ ಕೈಯಿಂದ ಕಪ್ಲರನ್ನು ತೆಗೆದುಕೊಂಡು ಮೊದಲಿನಂತೆ ಜೋಡಿಸಿದ. ಬಹಳ ಬೇಗ ಜೋಡಿಸಿದ. ಎಲ್ಲಿ ಒತ್ತಬೇಕು ಎಂದು ಅವನು ಹುಡುಕಬೇಕಾಗಲಿಲ್ಲ.

ಬಬಲೇಶ್ವರ

ರಾತ್ರಿ ಸಿದ್ದಪ್ಪನವರ ಮನೆಯಲ್ಲೇ ಉಳಿದೆ. ಸೋಮವಾರ ಸಂಗಮೇಶನೇ ಕೇಳಿದ. “ಅಕ್ಕಾರ, ಬಬಲೇಶ್ವರದಾಗ ನಮ್ಮ ಸೋದರಮಾವನ ತ್ವಾಟ ಐತಿ. ನೋಡಿ ಬರೂಣೇನ್ರಿ?” ಅಪಘಾತವಾದ ಮೇಲೆ ಅವನು ಮೋಟಾರ್ ಸೈಕಲ್ ಹತ್ತಿರಲಿಲ್ಲವಂತೆ. ತಾಯಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಇಟ್ಟುಕೊಂಡರು. ಅವನು ನನ್ನ ಹಿಂದೆ ಕೂತು, ಬಾಗದ ಕಾಲನ್ನು ಹೊರಗೆ ಚಾಚಿ, ಕೋಲನ್ನು ಮಡಿಲಲ್ಲಿ ಹಿಡಿದ. ಮುಂದೆ ಟ್ರ್ಯಾಕ್ಟರ್ ಸಿಕ್ಕಾಗಲೆಲ್ಲ ಅವನ ಬೆರಳುಗಳು ನನ್ನ ಜಾಕೀಟನ್ನು ಬಿಗಿಯಾಗಿ ಹಿಡಿಯುತ್ತಿದ್ದವು. ನಾನು ಒಂದನ್ನೂ ಹಿಂದೆ ಹಾಕಲಿಲ್ಲ. ಹಿಂದಿನವರು ಹಾರನ್ ಹೊಡೆದು ಬೈದರು, ಬೈಯಲಿ ಎಂದುಕೊಂಡೆ.

ಸೋದರಮಾವನ ತೋಟದಲ್ಲಿ ಅಂದು ಔಷಧ ಹೊಡೆಯುತ್ತಿದ್ದರು. ಟ್ರ್ಯಾಕ್ಟರಿನ ಹಿಂದೆ ಔಷಧ ತುಂಬಿದ ದೊಡ್ಡ ಟಾಕಿ, ಪಂಪು, ಉದ್ದನೆಯ ಪೈಪು. ಬಳ್ಳಿಗಳ ಎಲೆಯ ಮೇಲೆಲ್ಲ ತಿಳಿನೀಲಿ ಹನಿ. ಟಾಕಿಯ ಅಂಚು, ಪೈಪಿನ ಬಾಯಿ, ಕೆಲಸದವರ ಚಪ್ಪಲಿ ಎಲ್ಲವೂ ಅದೇ ನೀಲಿ, ಅದರ ಮೇಲೆ ಸುಣ್ಣದ ಬಿಳುಪು.

ನಾನು ಅಲ್ಲೇ ನಿಂತುಬಿಟ್ಟೆ. “ಏನಿದು?” ಎಂದೆ.

“ಬೋರ್ಡೋ ಅಂತೀವ್ರಿ. ಮೈಲುತುತ್ತ, ಸುಣ್ಣ ಕೂಡಿಸಿ ಮಾಡೂದು,” ಎಂದ ಸಂಗಮೇಶ. ಆಮೇಲೆ ನನ್ನ ಮುಖ ನೋಡಿ, “ನಿಮಗ ತಿಳೀತಲ್ಲರಿ,” ಎಂದ.

ತಿಳಿಯಿತು. ಔಷಧ ಹೊಡೆದ ಪಂಪಿನಲ್ಲೇ, ಟಾಕಿಯ ತಳದಲ್ಲಿ ಉಳಿದ ಮೈಲುತುತ್ತದ ಸಮೇತ, ಅಷ್ಟು ಜೋರಿನಲ್ಲಿ ಗಾಡಿ ತೊಳೆದಿದ್ದಾರೆ. ಅಮಾವಾಸ್ಯೆ ಅಮಾವಾಸ್ಯೆಗೂ ತೊಳೆದಿದ್ದಾರೆ. ಮಳೆ ಹೋಗಲಾರದ ಸಂದಿಗೆ ಆ ನೀರು ನುಗ್ಗಿ ತಂತಿಯನ್ನು ತಿಂದು ಹಾಕಿದೆ. ದ್ರಾಕ್ಷಿ ಬೆಳೆಯುವ ಊರಿನಲ್ಲದೆ ಬೇರೆಲ್ಲೂ ಈ ತಪ್ಪು ನಡೆಯುವ ಹಾಗೇ ಇಲ್ಲ. ತೊಳೆದ ಕೈ ಸಿದ್ದಪ್ಪನವರದು.

“ನಿನಗೆ ಯಾವಾಗ ಗೊತ್ತಾಯ್ತು?”

“ದವಾಖಾನಿಯಿಂದ ಮನಿಗೆ ಬಂದ ಮ್ಯಾಲ. ಒಂದಿನ ಯಾರೂ ಇಲ್ಲದಾಗ ಬಿಚ್ಚಿ ನೋಡಿದೆ.” ಅವನು ಬದುವಿನ ಮೇಲೆ ಕಾಲು ಚಾಚಿ ಕೂತ. “ಅಪ್ಪಗ ಹೇಳಬ್ಯಾಡ್ರಿ ಅಕ್ಕಾರ. ನನ್ನ ಕಾಲು ಹೆಂಗೂ ಹೋಗೇತಿ. ತನ್ನ ಕೈಯಿಂದ ಆತು ಅಂತ ತಿಳದ್ರ ಅಂವ ಉಳಿಯಂಗಿಲ್ಲ. ಮಂದಿ ನನಗ ಹುಚ್ಚ ಅಂದ್ರ ಅನ್ಲಿ.”

“ಆ ಹುಡುಗಿ? ನಿಡೋಣಿಯವಳು?”

ನಿಡೋಣಿಗೆ ಹೋಗುವ ರಸ್ತೆ ಅಲ್ಲಿಂದ ಕಾಣುತ್ತಿತ್ತು. ಅವನು ಆ ಕಡೆಗೆ ಬೆನ್ನು ಮಾಡಿ ಕೂತಿದ್ದ.

“ಪಂಪು ಕೆಡಿಸ್ತಿರೋ ಶನಿ ನೀನೇ ತಾನೇ?” ಎಂದೆ.

“ಹೂನ್ರಿ. ಪ್ರತಿ ಅಮಾಸಿಗೆ ಏನರ ಒಂದು ಬಿಚ್ಚಿ ಇಡ್ತೀನಿ. ಮತ್ಯಾರದರ ಗಾಡಿ ಹಂಗಾಗಬಾರದು ಅಂತ.”

ನನಗೆ ಸಿಟ್ಟು ಬಂತು. ಅವನ ಮೇಲೆ, ಸೀಟು ಬಿಚ್ಚಿ ನೋಡದೆ ಪೆಟ್ರೋಲಿನ ಮೇಲೆ ಹಾಕಿ ಕಳಿಸಿದ ಶೋರೂಮಿನವರ ಮೇಲೆ, ಸುಮ್ಮನೆ ಮನೆಯಲ್ಲಿ ಕೂರದೆ ಇಲ್ಲಿಗೆ ಬಂದ ನನ್ನ ಮೇಲೂ. ಮೊದಲ ಸಲ ಹೋದಾಗಲೇ ಅವರು ಬಿಚ್ಚಿ ನೋಡಿದ್ದರೆ ಈ ಹುಡುಗ ಇವತ್ತು ಕೋಲಿಲ್ಲದೆ ನಡೆಯುತ್ತಿದ್ದ. ಅದು ಸತ್ಯ. ಅಷ್ಟನ್ನೇ ಹೇಳಿ ಮಿಕ್ಕದ್ದನ್ನು ನುಂಗಿಕೊಂಡು ಊರಿಗೆ ಹೋಗಬಹುದು ಎಂದು ವಾಪಸು ಬರುವ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಏನೂ ಸಿಗಲಿಲ್ಲ ಎಂದುಬಿಟ್ಟರೆ ಇನ್ನೂ ಸುಲಭ. ತಿಕೋಟಾ ತಲುಪುವ ಹೊತ್ತಿಗೆ ಹಾಗೆಯೇ ಮಾಡುವುದು ಎಂದು ನಿಶ್ಚಯಿಸಿದ್ದೆ. ಹೇಡಿತನ ಎನ್ನುವುದಿದ್ದರೆ ಅನ್ನಿ.

ಅಮಾವಾಸ್ಯೆ

ಮಂಗಳವಾರ ಬೆಳಿಗ್ಗೆ ಎದ್ದು ಹೊರಗೆ ಬಂದರೆ ಅಂಗಳದ ತುಂಬ ಮೋಟಾರ್ ಸೈಕಲ್. ರಫೀಕ್, ಮೇಷ್ಟರು, ಬ್ಯಾಂಕಿನವರು, ಎಲ್ಲರೂ ಕೆಲಸಕ್ಕೆ ಹೋಗುವ ಮುನ್ನ ಬಂದಿದ್ದಾರೆ. ನಿಂಬೆಹಣ್ಣು, ತೆಂಗಿನಕಾಯಿ, ಹೂವು. ನಡುವೆ ಟ್ರ್ಯಾಕ್ಟರಿನ ಹಿಂದೆ ಒಂದು ಪಂಪು ಢಗಢಗ ಎನ್ನುತ್ತಿದೆ.

“ನಮ್ಮದು ಕೆಟ್ಟರ ಏನಾತು?” ಸಿದ್ದಪ್ಪನವರು ಪೈಪು ಹೆಗಲ ಮೇಲೆ ಹಾಕಿಕೊಂಡು ಗುಡುಗಿದರು. “ಕಳ್ಳಕವಟಗಿಯಿಂದ ನಮ್ಮ ಗೆಳ್ಯಾಂದು ತರಿಸೇನಿ. ಮೈಸೂರಿನ ಅಕ್ಕಾರು ಬಂದಾರ, ಅವರ ಗಾಡಿ ಧೂಳ ಹೊತ್ತಕೊಂಡು ಹೊಳ್ಳಿ ಹೋದ್ರ ನಮ್ಮ ಮರ್ಯಾದಿ ಏನ್ ಉಳದೀತು? ಮೊದಲು ನಿಮ್ಮದ!”

ಪೈಪಿನ ಬಾಯಿ ನನ್ನ ಗಾಡಿಯ ಸೀಟಿನ ಕಡೆಗಿತ್ತು. ಅದರ ತುದಿಗೆ ನೀಲಿ ಹತ್ತಿತ್ತು. ಬಾಗಿಲಲ್ಲಿ ಸಂಗಮೇಶ ಕೋಲೂರಿ ನಿಂತು ನನ್ನನ್ನೇ ನೋಡುತ್ತಿದ್ದ, ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದ. ನನ್ನ ಗಾಡಿಯ ಹಿಂದೆ ಸಾಲಾಗಿ ಅಷ್ಟೂ ಜನರ ಗಾಡಿ. ಅಷ್ಟೂ ಜನ ಮುಂದಿನ ಭಾನುವಾರ ತೊರವಿ ರಸ್ತೆಯಲ್ಲಿ ಟ್ರ್ಯಾಕ್ಟರ್ ದಾಟುವವರು.

“ನಿಲ್ಲಿಸಿ!” ಎಂದು ಕೂಗಿದೆ. ಪಾಠ ಮಾಡುವ ಕಾಲದಲ್ಲೂ ಅಷ್ಟು ಜೋರಾಗಿ ಕೂಗಿರಲಿಲ್ಲ. “ಪಂಪು ನಿಲ್ಲಿಸಿ. ಯಾರ ಗಾಡಿಗೂ ಹೊಡೀಬೇಡಿ.”

ಯಾರೋ ಪಂಪು ನಿಲ್ಲಿಸಿದರು. ನಾನು ಕೊಟ್ಟಿಗೆಗೆ ಹೋಗಿ ಆ ಕಪ್ಲರನ್ನು ಕಿತ್ತು ತಂದು ಸಿದ್ದಪ್ಪನವರ ಕೈಯಲ್ಲಿಟ್ಟೆ. ಭಾಷಣ ಮಾಡುವ ಶಕ್ತಿ ನನಗಿರಲಿಲ್ಲ. “ಗಾಡಿ ನಿಂತದ್ದು ಇದರಿಂದ. ಇದರೊಳಗೆ ಏನಿದೆ ನೀವೇ ನೋಡಿ,” ಎಂದೆ.

ಅವರು ಅದನ್ನು ಬಿಸಿಲಿಗೆ ಹಿಡಿದರು. ಉಗುರಿನಿಂದ ಕೆರೆದರು. ಬೆರಳ ತುದಿಗೆ ಹತ್ತಿದ ನೀಲಿಯನ್ನು ಹೆಬ್ಬೆರಳಿನಿಂದ ತಿಕ್ಕಿದರು. ಹುಡುಗನಾಗಿದ್ದಾಗಿನಿಂದ ಕೈಗೆ ಹತ್ತಿಸಿಕೊಂಡ ಬಣ್ಣ ಅದು. ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪೈಪಿನ ತುದಿಯನ್ನು ನೋಡಿದರು, ಮತ್ತೆ ಬೆರಳನ್ನು ನೋಡಿದರು.

“ಇದು ನನ್ನ ಔಷಧ ಐತಿ,” ಎಂದರು. ಆ ಗುಡುಗಿನ ದನಿ ಎಲ್ಲಿ ಹೋಯಿತೋ.

“ಶೋರೂಮಿನವರು ಬಿಚ್ಚಿ ನೋಡಬೇಕಿತ್ತು. ಅವರದೂ ತಪ್ಪಿದೆ,” ಎಂದೆ.

“ಅವರದು ಅವರಿಗಿರ್ಲಿ ಅಕ್ಕಾರ.” ಪೈಪನ್ನು ನೆಲಕ್ಕೆ ಇಳಿಸಿ ಮಗನ ಕಡೆ ತಿರುಗಿದರು. “ತಮ್ಮಾ, ನಿನಗ ಗೊತ್ತಿತ್ತನು?”

“ಹೂನಪ್ಪಾ.”

“ಅದಕ್ಕ ಪಂಪ್ ಕೆಡತಿತ್ತನು?”

ಸಂಗಮೇಶ ತಲೆ ತಗ್ಗಿಸಿದ. ಸಿದ್ದಪ್ಪನವರು ಅಲ್ಲೇ ಟ್ರ್ಯಾಕ್ಟರಿನ ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತರು. ಪಟಗಾ ತೆಗೆದು ಮುಖಕ್ಕೆ ಒತ್ತಿಕೊಂಡರು. ಅಷ್ಟು ದೊಡ್ಡ ಆಳು ಅಳುವುದನ್ನು ನೋಡುವುದು ಕಷ್ಟ. ನಾನು ನೋಡಲಿಲ್ಲ. ಸಂಗಮೇಶ ಕುಂಟುತ್ತಾ ಬಂದು, ಬಾಗದ ಕಾಲಿನಿಂದ ಕೂರಲಾರದೆ, ಅವರ ಪಕ್ಕದಲ್ಲೇ ನಿಂತು ಹೆಗಲ ಮೇಲೆ ಕೈ ಇಟ್ಟ. “ಎಪ್ಪಾ, ಏಳು. ಹೋದ ಕಾಲು ಹೋತು. ಏಳು,” ಎನ್ನುತ್ತಿದ್ದ.

ರಫೀಕ್ ಅಷ್ಟರಲ್ಲಿ ತಮ್ಮ ಗಾಡಿಯ ಸೀಟು ಬಿಚ್ಚಿದ್ದರು. ಕಪ್ಲರನ್ನು ಎಳೆದು ನೋಡಿ ನನ್ನ ಮುಂದೆ ಹಿಡಿದರು. ಒಳಗೆ ತೆಳುವಾಗಿ ಅದೇ ನೀಲಿ ಹತ್ತಲು ಶುರುವಾಗಿತ್ತು. “ನಾ ನಿನ್ನೆ ಹೆಂಡ್ತಿ ಮಕ್ಕಳ್ನ ಕೂಡಿಸ್ಕೊಂಡು ಇದರ ಮ್ಯಾಲ ಅಡ್ಡಾಡೇನ್ರಿ ಅಕ್ಕಾರ,” ಎಂದರು.

ಸಿದ್ದಪ್ಪನವರು ಅದನ್ನು ಕೇಳಿ ಎದ್ದು ನಿಂತರು. “ಎಲ್ಲಾರೂ ಕೇಳ್ರಿ,” ಎಂದರು. “ನಿಮ್ಮ ಗಾಡಿ ಎಲ್ಲಾ ಬಿಚ್ಚಿ ತೋರಿಸ್ರಿ. ತ್ವಾಟದ ಪಂಪಿನಿಂದ ಯಾರೂ ಗಾಡಿ ತೊಳೀಬ್ಯಾಡ್ರಿ. ಯಾರರ ಕೇಳಿದ್ರ, ಸಿದ್ದಪ್ಪ ತನ್ನ ಮಗನ ಗಾಡಿ ಹಂಗ ತೊಳದು ಅವನ ಕಾಲು ಕಳದ ಅಂತ ಹೇಳ್ರಿ. ನನ್ನ ಹೆಸರು ತಗೊಂಡ ಹೇಳ್ರಿ.”

ಅಂದು ಪೂಜೆ ಒಣ ಬಟ್ಟೆಯಲ್ಲಿ ಒರೆಸಿದ ಗಾಡಿಗಳಿಗೇ ಆಯಿತು. ಕಾಯಿ ಒಡೆದ ಮೇಲೆ ಸಿದ್ದಪ್ಪನವರು ಹೊಸ ಪಟಗಾ ಸುತ್ತಿಕೊಂಡು ನನ್ನ ಬಳಿ ಬಂದರು. “ಅಕ್ಕಾರ, ನಿಡೋಣಿಗೆ ಕರ್ಕೊಂಡ ಹೋಗ್ತೀರೇನ್ರಿ?”

ನಿಡೋಣಿ

ಅವರು ನನ್ನ ಹಿಂದೆ ಕೂತು ಬಂದರು. ದಾರಿಯಲ್ಲಿ ಒಂದೇ ಮಾತು ಆಡಿದರು: “ಸಂಗಮೇಶ ಬರಂಗಿಲ್ಲ ಅಂದ. ಅಪ್ಪ ತಲಿ ತಗ್ಗಿಸೂದು ನೋಡಾಕ ಆಗಂಗಿಲ್ಲಂತ.” ಮಾಡಿದ್ದು ಸರಿಯೋ ತಪ್ಪೋ ಎಂದು ಆ ಹೊತ್ತಿಗೂ ನನಗೆ ಗೊತ್ತಿರಲಿಲ್ಲ.

ಹುಡುಗಿಯ ತಂದೆ ಚನ್ನಪ್ಪಗೌಡರು ಪಡಸಾಲೆಯಲ್ಲಿ ಕೂತಿದ್ದರು. ಸಣ್ಣ ಮೈಕಟ್ಟು, ಬಿಗಿದ ತುಟಿ. ಮುನಿಸು ಎಷ್ಟಿದ್ದರೂ ಬಂದವರಿಗೆ ನೀರು, ಬೆಲ್ಲ ಕೊಡಿಸಿದರು, ಕಂಬಳಿ ಹಾಸಿಸಿದರು. ನಾನು ಕೂತೆ. ಸಿದ್ದಪ್ಪನವರು ಕೂರಲಿಲ್ಲ.

“ಗೌಡ್ರ, ನಾ ಹೆಣ್ಣ ಕೇಳಾಕ ಬಂದಿಲ್ಲ,” ಎಂದರು ನಿಂತೇ. “ಕೊಡೂದು ಬಿಡೂದು ನಿಮ್ಮ ಇಚ್ಛಾ. ಒಂದ ಮಾತು ಹೇಳಿ ಹೋಗ್ತೀನಿ. ನನ್ನ ಮಗ ಹುಚ್ಚರಂಗ ಗಾಡಿ ಹೊಡೀಲಿಲ್ಲ. ಗಾಡಿ ತಾನ ನಿಂತಿತು. ಅದು ನಿಂತಿದ್ದು ನನ್ನಿಂದ. ದ್ರಾಕ್ಷಿ ಔಷಧದ ಪಂಪ್ ಹಿಡದು ನಾನ ತೊಳದು ತೊಳದು ಅದರ ತಂತಿ ಕೆಡಿಸೇನಿ. ಬೇಕಾದ್ರ ಈ ಅಕ್ಕಾರ್ನ ಕೇಳ್ರಿ. ನನ್ನ ಬೈರಿ, ಮಂದಿ ಮುಂದ ಬೈರಿ. ಹುಡುಗನ್ನ ಅನಬ್ಯಾಡ್ರಿ.”

ಗೌಡರು ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಎದ್ದು ಅಂಗಳಕ್ಕೆ ಹೋದರು. ಅಲ್ಲಿ ಅವರ ಮಗನ ಮೋಟಾರ್ ಸೈಕಲ್ ನಿಂತಿತ್ತು. ಬೆಳಿಗ್ಗೆಯಷ್ಟೇ ತೊಳೆದು, ಹೂ ಏರಿಸಿ, ನಿಂಬೆಹಣ್ಣು ಕಟ್ಟಿದ್ದರು. ಅವರ ಮನೆಯ ಹಿಂದೆಯೂ ದ್ರಾಕ್ಷಿ ತೋಟ. ಅವರು ಗಾಡಿಯನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಂತು, ಕೀಲಿ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು ಬಂದರು.

“ಇದು ಹುಡುಗಗ ಗೊತ್ತಿತ್ತನು?” ಎಂದು ಕೇಳಿದರು.

“ಮೊದಲಿಂದ ಗೊತ್ತಿತ್ತಂತ.”

“ಮತ್ಯಾಕ ಹೇಳಲಿಲ್ಲ? ನಾನು, ಊರ ಮಂದಿ ಎಲ್ಲಾ ಅಷ್ಟ ಅನ್ನೂ ಮುಂದ ಯಾಕ ಸುಮ್ಮನಿದ್ದ?”

ಸಿದ್ದಪ್ಪನವರು ನನ್ನ ಕಡೆ ತಿರುಗಿದರು. “ಅಪ್ಪನಿಗೆ ತಿಳೀಬಾರದು ಅಂತ,” ಎಂದು ನಾನೇ ಹೇಳಿದೆ.

ಒಳಬಾಗಿಲ ಬಳಿ ಒಬ್ಬಳು ಹುಡುಗಿ ಚಹಾದ ತಟ್ಟೆ ಹಿಡಿದು ಅಲ್ಲಾಡದೆ ನಿಂತಿದ್ದಳು. ಅವಳೇ ಇರಬೇಕು. ಗೌಡರು ಅವಳ ಮುಖ ನೋಡಿದರು. ಆಮೇಲೆ ಒಳಗಿನವರಿಗೆಲ್ಲ ಕೇಳುವಂತೆ ಹೇಳಿದರು.

“ಚಾ ಒಳಗ ಒಯ್ಯವ್ವಾ. ಊಟಕ್ಕ ಹಚ್ಚಾಕ ಹೇಳು. ಬೀಗರು ಬಂದಾರ.”

ಸಿದ್ದಪ್ಪನವರು ಕೂತರು.